ಹಸುವಿಗೆ ಉಣ್ಣೆ ಕಾಟ: ಮೈಗೆ ಮದ್ದು ಹೊಡೆದು ಕೊಟ್ಟಿಗೆ ಮರೆತರೆ ಪ್ರಯೋಜನವಿಲ್ಲ

ಹಸುವಿನ ಕಿವಿ, ಗಂಗೆದೊಗಲು, ಕೆಚ್ಚಲು, ಬಾಲದ ಬುಡದಲ್ಲಿ ಅಂಟಿಕೊಳ್ಳುವ ಉಣ್ಣೆ (ಉಣುಗು) ಹೈನುಗಾರರಿಗೆ ಹೊಸದಲ್ಲ. ಆದರೆ ಔಷಧ ಸಿಂಪಡಿಸಿದ ಕೆಲವೇ ವಾರಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳುವುದೇಕೆ? ಉತ್ತರ ಕೊಟ್ಟಿಗೆಯಲ್ಲೇ ಇದೆ.

ಪುಣೆಯ ಕೊಂಢವಾ ಒಂದು ಕಾಲಕ್ಕೆ ಹಳ್ಳಿ, ಈಗ ಮಹಾನಗರದ ಭಾಗ. ಪಕ್ಕದ ಕಾತ್ರಜ್‌ನಲ್ಲೇ ಜಿಲ್ಲಾ ಸಹಕಾರಿ ಹಾಲು ಒಕ್ಕೂಟದ ಡೈರಿಯಿದೆ. ಇಂಥ ನಗರದಂಚಿನಲ್ಲಿ ಮೇವಿನ ಬಯಲು ಕರಗಿದಂತೆ ಹಸುಗಳು ದಿನದ ಹೆಚ್ಚು ಹೊತ್ತು ‘ಗೋಠಾ’ದಲ್ಲೇ, ಅಂದರೆ ಕೊಟ್ಟಿಗೆಯಲ್ಲೇ ಉಳಿಯುತ್ತವೆ. ಸಂತೆಯಿಂದ ತಂದ ಒಂದು ಹಸುವಿನ ಜತೆ ಬಂದ ‘ಗೋಚೀಡ್’ (ಮರಾಠಿಯಲ್ಲಿ ಉಣ್ಣೆ) ಇಡೀ ಹಿಂಡಿಗೆ ಹಬ್ಬಬಹುದು.

ಬಿರುಕಿನಲ್ಲಿ ಬೆಳೆಯುವ ಸಂತತಿ

ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣೆ ಕೆಳಗುದುರಿ, ಗೋಡೆಯ ಬಿರುಕು, ಗೊಬ್ಬರದ ಅಂಚು, ಹುಲ್ಲಿನ ಸಂದಿಯಲ್ಲಿ 2,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಮರಿಗಳು ಆಹಾರವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲವು. ಹೀಗಾಗಿ ಹಸುವಿನ ಮೇಲೆ ಕಾಣುವುದು ಒಟ್ಟು ಸಂಖ್ಯೆಯ ಒಂದು ಪಾಲು ಮಾತ್ರ.

ಯಾವ ರೋಗಗಳು?

* ಥೈಲೇರಿಯಾಸಿಸ್: ತೀವ್ರ ಜ್ವರ, ಭುಜದ ಮುಂದಿನ ಗ್ರಂಥಿ ಊತ, ರಕ್ತಹೀನತೆ. ಎಚ್‌ಎಫ್, ಜರ್ಸಿ ಮಿಶ್ರತಳಿಗಳಿಗೆ ಅಪಾಯ ಹೆಚ್ಚು. ದೇಶಿ ತಳಿಗಳು ಹೆಚ್ಚು ತಾಳಿಕೊಳ್ಳುತ್ತವೆ. ಇದಕ್ಕೆ ‘ರಕ್ಷಾವ್ಯಾಕ್-ಟಿ’ ಲಸಿಕೆ, ಬುಪಾರ್ವಾಕ್ವೋನ್ ಚಿಕಿತ್ಸೆ ಇದೆ.
* ಬಬೇಸಿಯಾಸಿಸ್: ಜ್ವರದ ಜತೆ ಮೂತ್ರ ಕೆಂಪು ಅಥವಾ ಕಾಫಿ ಬಣ್ಣಕ್ಕೆ ತಿರುಗುತ್ತದೆ.
* ಅನಾಪ್ಲಾಸ್ಮಾಸಿಸ್: ರಕ್ತಹೀನತೆ, ಕಾಮಾಲೆ, ಮಲಬದ್ಧತೆ.

ಹೇನು, ತುರಿಹುಳ, ಕಚ್ಚುವ ನೊಣಗಳೂ ಹಾಲಿನ ಇಳುವರಿ ತಗ್ಗಿಸುತ್ತವೆ. 2022ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳನ್ನು ಕಾಡಿದ ಚರ್ಮಗಂಟು ರೋಗ ಹರಡುವುದರಲ್ಲಿ ಕಚ್ಚುವ ನೊಣ, ಸೊಳ್ಳೆಗಳ ಪಾತ್ರವಿದೆ. ಉಣ್ಣೆಯ ಅಪಾಯ ಮನುಷ್ಯರನ್ನೂ ಬಿಟ್ಟಿಲ್ಲ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದಲೇ.

ಏನು ಮಾಡಬೇಕು?

* ಶೇ 12.5ರ ಅಮಿಟ್ರಾಜ್ ಅನ್ನು ಸಾಮಾನ್ಯವಾಗಿ ಲೀಟರ್ ನೀರಿಗೆ 2 ಮಿ.ಲೀ. ಬೆರೆಸಲಾಗುತ್ತದೆ. ಲೇಬಲ್ ಓದಿ, ಪಶುವೈದ್ಯರನ್ನು ಕೇಳಿಯೇ ಬಳಸಿ. ಇದು ಕುದುರೆಗೆ ಅಪಾಯಕಾರಿ.
* ಪ್ರಮಾಣ ಕಡಿಮೆಯಾದರೆ ಉಣ್ಣೆ ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಒಂದೇ ಔಷಧವನ್ನು ವರ್ಷಗಟ್ಟಲೆ ಬಳಸಬೇಡಿ.
* ಹಸುವಿಗೆ ನೀರು ಕುಡಿಸಿ, ತಂಪು ಹೊತ್ತಿನಲ್ಲಿ ಸಿಂಪಡಿಸಿ. ಮೈ ಒಣಗುವವರೆಗೆ ನೆಕ್ಕಲು ಬಿಡಬೇಡಿ. ಕಣ್ಣು, ಬಾಯಿಗೆ ತಾಗದಂತೆ ನೋಡಿಕೊಳ್ಳಿ.
* ಅದೇ ದಿನ ಗೋಡೆ, ಗೋದಲಿ, ನೆಲದ ಬಿರುಕುಗಳಿಗೂ ಸಿಂಪಡಿಸಿ. ಗೋದಲಿಯಲ್ಲಿ ಮೇವಿರಬಾರದು; ಮತ್ತೆ ಮೇವು ಹಾಕುವ ಮುನ್ನ ತೊಳೆಯಿರಿ. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಸುಣ್ಣ ಹೊಡೆಯಿರಿ. ಸಗಣಿ ರಾಶಿ ದೂರವಿರಲಿ.
* ಎರಡು–ಮೂರು ವಾರಗಳ ಬಳಿಕ ಮತ್ತೊಮ್ಮೆ ಸಿಂಪಡಿಸಿ. ಹೊಸದಾಗಿ ಮೇಲೇರಿದ ಮರಿಗಳು ಆಗ ಸಾಯುತ್ತವೆ.
* ಹೊಸ ಹಸುವನ್ನು ಕೆಲ ದಿನ ಬೇರೆ ಕಟ್ಟಿ, ಉಣ್ಣೆ ತೆಗೆದ ನಂತರವೇ ಹಿಂಡಿಗೆ ಸೇರಿಸಿ.

ಹಾಲಿನ ಬಗ್ಗೆ ಎಚ್ಚರ

ಹಾಲು ಕರೆದ ನಂತರವೇ ಸಿಂಪಡಿಸಿ, ಮುಂದಿನ ಬಾರಿ ಕೆಚ್ಚಲು ತೊಳೆದು ಕರೆಯಿರಿ. ಔಷಧದ ಲೇಬಲ್‌ನಲ್ಲಿ ಸೂಚಿಸಿದ ಅವಧಿಯವರೆಗೆ ಹಾಲನ್ನು ಮನೆಗೂ ಬಳಸಬೇಡಿ, ಡೈರಿಗೂ ಹಾಕಬೇಡಿ. ಐವರ್‌ಮೆಕ್ಟಿನ್ ಅಂಶ ಹಾಲಿನಲ್ಲಿ ಉಳಿಯುವುದರಿಂದ, ಕರೆಯುವ ಹಸುವಿಗೆ ಅದನ್ನು ಸ್ವಂತವಾಗಿ ಕೊಡುವುದು ಸರಿಯಲ್ಲ. ಜ್ವರ, ಕೆಂಪು ಮೂತ್ರ ಅಥವಾ ಹಾಲು ದಿಢೀರ್ ಇಳಿದರೆ ತಕ್ಷಣ ಪಶುವೈದ್ಯರನ್ನು ಕರೆಸಿ.