ಲಾಭದಾಯಕ ಹುದ್ದೆ ಮತ್ತು ಶಾಸಕತ್ವ

ಶಾಸಕನ ಮುಖ್ಯ ಕರ್ತವ್ಯ ಸರ್ಕಾರವನ್ನು ಪ್ರಶ್ನಿಸುವುದು. ಅದೇ ಸರ್ಕಾರದಿಂದ ಹುದ್ದೆ, ಕಾರು, ಭತ್ಯೆ ಪಡೆದವನು ಸದನದಲ್ಲಿ ಎಷ್ಟರಮಟ್ಟಿಗೆ ನಿರ್ಭೀತನಾಗಿ ಮಾತನಾಡಬಲ್ಲನು? ಈ ಸಂದೇಹವೇ 'ಲಾಭದಾಯಕ ಹುದ್ದೆ' ಎಂಬ ನಿಯಮದ ಮೂಲ. ದೊರೆಯು ಸಂಸತ್ ಸದಸ್ಯರನ್ನು ಹುದ್ದೆಗಳಿಂದ ಒಲಿಸಿಕೊಳ್ಳುವುದನ್ನು ತಡೆಯಲು ಇಂಗ್ಲೆಂಡಿನಲ್ಲಿ ಹುಟ್ಟಿದ ಈ ತತ್ತ್ವ ನಮ್ಮ ಸಂವಿಧಾನದಲ್ಲಿ ಸಂಸತ್ತಿಗೆ 102ನೆಯ, ರಾಜ್ಯ ಶಾಸನಸಭೆಗಳಿಗೆ 191ನೆಯ ವಿಧಿಯಾಗಿ ಸೇರಿದೆ. ಮಂತ್ರಿಗಳಿಗೆ ಇದು ಅನ್ವಯಿಸದು. ಇತರ ಯಾವ ಹುದ್ದೆಗಳಿಗೆ ವಿನಾಯಿತಿ ಎಂಬುದನ್ನು ಆಯಾ ಶಾಸನಸಭೆಯೇ ಕಾನೂನಿನ ಮೂಲಕ ನಿರ್ಧರಿಸಬಹುದು.

ಸೋಜಿಗದ ಸಂಗತಿಯೆಂದರೆ, 'ಲಾಭದಾಯಕ ಹುದ್ದೆ' ಎಂದರೇನೆಂದು ಸಂವಿಧಾನ ಎಲ್ಲಿಯೂ ವಿವರಿಸಿಲ್ಲ. ಆ ಕೆಲಸ ನ್ಯಾಯಾಲಯಗಳ ಪಾಲಿಗೆ ಬಂದಿತು. ಈ ಬಗೆಗಿನ ಆರಂಭದ ತೀರ್ಪುಗಳಲ್ಲೊಂದು ನಮ್ಮ ತುಮಕೂರು ಸೀಮೆಯ ಗುಬ್ಬಿಯದು. ತಾಲ್ಲೂಕು ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾಗಿದ್ದ ಕಗ್ಗೀರಪ್ಪನವರಿಗೆ ಪ್ರತಿ ಸಭೆಗೆ 6 ರೂಪಾಯಿ ದೊರೆಯುತ್ತಿತ್ತು. ಅದು ಲಾಭವಲ್ಲ, ಓಡಾಟದ ಖರ್ಚನ್ನು ತುಂಬಿಕೊಡುವ ಹಣ ಮಾತ್ರ ಎಂದು ಸುಪ್ರೀಂ ಕೋರ್ಟು 1954ರಲ್ಲಿ ತೀರ್ಮಾನಿಸಿತು.

ಅರ್ಧ ಶತಮಾನದ ಬಳಿಕ ಜಯಾ ಬಚ್ಚನ್ ಪ್ರಕರಣ ಬಂದಿತು. ಉತ್ತರ ಪ್ರದೇಶ ಚಲನಚಿತ್ರ ಅಭಿವೃದ್ಧಿ ಪರಿಷತ್ತಿನ ಅಧ್ಯಕ್ಷೆಯಾಗಿದ್ದ ಅವರಿಗೆ ತಿಂಗಳಿಗೆ 5,000 ರೂಪಾಯಿ ಗೌರವಧನ, ಆತಿಥ್ಯ ವೆಚ್ಚ, ಕಾರು ಮುಂತಾದ ಸೌಲಭ್ಯಗಳಿದ್ದವು. ತಾವು ಅವನ್ನು ಬಳಸಿಕೊಳ್ಳಲಿಲ್ಲವೆಂಬ ಅವರ ವಾದ ನಿಲ್ಲಲಿಲ್ಲ. ಹಣ ಪಡೆದಿರೋ ಇಲ್ಲವೋ ಎಂಬುದು ಮುಖ್ಯವಲ್ಲ, ಹುದ್ದೆಯಿಂದ ಲಾಭ ಬರುವಂತಿದೆಯೇ ಎಂಬುದೇ ಮುಖ್ಯವೆಂದು ಸುಪ್ರೀಂ ಕೋರ್ಟು 2006ರ ಮೇ ತಿಂಗಳಲ್ಲಿ ಹೇಳಿತು. ಅವರ ರಾಜ್ಯಸಭಾ ಸದಸ್ಯತ್ವ ಹೋಯಿತು. ಅದೇ ವರ್ಷ ಸೋನಿಯಾ ಗಾಂಧಿಯವರು ರಾಷ್ಟ್ರೀಯ ಸಲಹಾ ಮಂಡಲಿಯ ವಿವಾದದಿಂದಾಗಿ ಲೋಕಸಭೆಗೆ ರಾಜೀನಾಮೆಯಿತ್ತು, ರಾಯ್ ಬರೇಲಿಯಿಂದ ಪುನಃ ಆರಿಸಿ ಬಂದರು. ಸಂಸತ್ತು ತರಾತುರಿಯಲ್ಲಿ ಹತ್ತಾರು ಹುದ್ದೆಗಳಿಗೆ, ಅದೂ ಪೂರ್ವಾನ್ವಯವಾಗಿ, ವಿನಾಯಿತಿ ನೀಡಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆ ಮಸೂದೆಯನ್ನು ಒಮ್ಮೆ ಹಿಂದಿರುಗಿಸಿದರೂ ಸಂಸತ್ತು ಅದನ್ನೇ ಮರಳಿ ಅಂಗೀಕರಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನದೆ ವಿಧಿಯಿಲ್ಲ.

ದೆಹಲಿಯ ಕನ್ನಡಿಗರಿಗೆ ಇನ್ನೊಂದು ಪ್ರಕರಣ ನೆನಪಿರಬಹುದು. ಅಲ್ಲಿ ಮಂತ್ರಿಗಳ ಸಂಖ್ಯೆ 70 ಸದಸ್ಯರ ಶೇ. 10ನ್ನು, ಅಂದರೆ ಏಳನ್ನು, ಮೀರುವಂತಿಲ್ಲ. 2015ರ ಮಾರ್ಚ್‌ನಲ್ಲಿ ಆಮ್ ಆದ್ಮಿ ಸರ್ಕಾರ 21 ಶಾಸಕರನ್ನು ಸಂಸದೀಯ ಕಾರ್ಯದರ್ಶಿಗಳನ್ನಾಗಿ ನೇಮಿಸಿತು. ಒಬ್ಬರು ರಾಜೀನಾಮೆ ನೀಡಿದ್ದರಿಂದ ಉಳಿದ 20 ಮಂದಿಯನ್ನು 2018ರ ಜನವರಿಯಲ್ಲಿ ಅನರ್ಹಗೊಳಿಸಲಾಯಿತು. ಅವರ ವಾದವನ್ನು ಸರಿಯಾಗಿ ಆಲಿಸಲಿಲ್ಲವೆಂಬ ಕಾರಣಕ್ಕೆ ಹೈಕೋರ್ಟು ಮಾರ್ಚ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಕರ್ನಾಟಕದಂತಹ ರಾಜ್ಯಗಳಲ್ಲಿ ಈ ಮಿತಿ ಶೇ. 15. 2003ರ ತಿದ್ದುಪಡಿಯಿಂದ ಸಂಪುಟದ ಬಾಗಿಲು ಕಿರಿದಾದ ಮೇಲೆ ನಿಗಮ-ಮಂಡಲಿಗಳ ಬಾಗಿಲು ಮುಂದೆ ನೂಕುನುಗ್ಗಲು ಸಹಜವೇ. ಕರ್ನಾಟಕದಲ್ಲಿ 1956ರ ಅನರ್ಹತಾ ನಿವಾರಣಾ ಕಾಯಿದೆ ಇಂತಹ ಹುದ್ದೆಗಳಿಗೆ ರಕ್ಷಣೆ ಒದಗಿಸುತ್ತದೆ.

ಹುದ್ದೆಯಂತೆ ಗುತ್ತಿಗೆಯೂ ತೊಡಕೇ. ಸರ್ಕಾರಕ್ಕೆ ಸರಕು ಒದಗಿಸುವ ಅಥವಾ ಸರ್ಕಾರ ಕೈಗೊಂಡ ಕಾಮಗಾರಿ ನಡೆಸುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 9ಎ ಕಲಮಿನಂತೆ ಶಾಸಕನು ಅನರ್ಹ. ಗಣಿ ಗುತ್ತಿಗೆ ಇದರಡಿ ಬಾರದೆಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿದ್ದರೂ, ಜಾರ್ಖಂಡದ ಮುಖ್ಯಮಂತ್ರಿ ಹೇಮಂತ್ ಸೊರೆನ್ ಅವರ ಮೇಲೆ ಇದೇ ಕಲಮಿನಡಿ ದೂರು ದಾಖಲಾಯಿತು.

ಇಂತಹ ದೂರುಗಳನ್ನು 192ನೆಯ ವಿಧಿಯಂತೆ ರಾಜ್ಯಪಾಲರು ತೀರ್ಮಾನಿಸಬೇಕು. ಆದರೆ ಚುನಾವಣಾ ಆಯೋಗದ ಅಭಿಪ್ರಾಯದಂತೆಯೇ ನಡೆಯಬೇಕು. ಸೊರೆನ್ ಕುರಿತ ಅಭಿಪ್ರಾಯವನ್ನು ಆಯೋಗ 2022ರ ಆಗಸ್ಟ್‌ನಲ್ಲಿ ರಾಂಚಿಗೆ ಕಳುಹಿಸಿತು. 2023ರ ಫೆಬ್ರವರಿಯಲ್ಲಿ ಮಹಾರಾಷ್ಟ್ರಕ್ಕೆ ನಿಯುಕ್ತರಾಗಿ ಹೊರಡುವವರೆಗೂ ರಾಜ್ಯಪಾಲ ರಮೇಶ್ ಬೈಸ್ ಅದನ್ನು ಬಹಿರಂಗಪಡಿಸಲಿಲ್ಲ. ಇಷ್ಟು ದಿನಗಳೊಳಗೆ ತೀರ್ಮಾನಿಸಬೇಕೆಂಬ ಗಡುವು 192ನೆಯ ವಿಧಿಯಲ್ಲಿ ಇಲ್ಲ.