ಜನಗಣತಿಯ ಹಾಳೆಯೂ ನಮ್ಮ ವಂಶಾವಳಿಯೂ

ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು, ಹಳೆಯ ಪುಸ್ತಕ ಬಿಚ್ಚಿ ವಂಶಾವಳಿ ಹೇಳುವುದುಂಟು. ಕಡಲಾಚೆ ನೆಲೆಸಿದ ನಮ್ಮ ಬಾಗಿಲಿಗೆ ಅವರು ಬರಲಾರರು. ಇಲ್ಲಿ ಆ ಕೆಲಸಕ್ಕೆ ಒದಗುವುದು ಜನಗಣತಿಯ ಹಾಳೆ. 1950ರ ಹಾಳೆಗಳು 2022ರ ಏಪ್ರಿಲ್ 1ರಂದು ಅಂತರಜಾಲದಲ್ಲಿ ತೆರೆದವು. ಅಮೆರಿಕನ್ ಮನೆತನಗಳೊಡನೆ ನೆಂಟಸ್ತಿಕೆ ಬೆಳೆಸಿದ ನಮ್ಮ ಮನೆಗಳ ಮಕ್ಕಳು ಜಾರ್ಜಿಯಾ, ಕೆರೊಲಿನಾಗಳ ಅಜ್ಜ ಅಜ್ಜಿಯರನ್ನು ಈಗ ಮನೆಯಲ್ಲೇ ಕುಳಿತು ಹುಡುಕಬಹುದು.

ಆದರೆ ಸಿಕ್ಕಿದ್ದನ್ನು ಬರೆದಿಡುವಾಗ 'ಅಂತರಜಾಲದಲ್ಲಿ ನೋಡಿದ್ದು' ಎಂದರೆ ಸಾಲದು. ತಾಣಗಳು ಬದಲಾಗುತ್ತವೆ, ಹಾಳೆಯ ಗುರುತು ಬದಲಾಗದು. ಗಣತಿಯ ವರ್ಷ, ರಾಜ್ಯ, ಕೌಂಟಿ, 'ಇ.ಡಿ.' ಎಂದು ನಮೂದಾಗಿರುವ ಗಣತಿ ವಲಯದ ಸಂಖ್ಯೆ, ಹಾಳೆ, ಸಾಲು ಇಷ್ಟನ್ನೂ ಬರೆಯಬೇಕು. ಆಮೇಲೆ ಯಾವ ತಾಣದಲ್ಲಿ ಯಾವ ದಿನ ನೋಡಿದ್ದು ಎಂಬುದು. ಹುಡುಕಿದಾಗ ಮೊದಲು ಕಾಣುವ ಹೆಸರಿನ ಪಟ್ಟಿ ಮೂಲ ದಾಖಲೆಯಲ್ಲ. ನ್ಯಾಷನಲ್ ಆರ್ಕೈವ್ಸ್‌ನವರ 1950ರ ಪಟ್ಟಿಯನ್ನು ಮೊದಲು ತಯಾರಿಸಿದ್ದು ಕೈಬರಹ ಓದುವ ಯಂತ್ರ! ಹಾಳೆಯ ಚಿತ್ರವನ್ನೇ ತೆರೆದು ಓದಬೇಕು.

ಹಾಳೆಯೂ ವೇದವಾಕ್ಯವಲ್ಲ. ಗಣತಿಯವರು ಬಂದಾಗ ಬಾಗಿಲು ತೆರೆದವರು ಹೇಳಿದ್ದೇ ವಯಸ್ಸು, ಹೇಳಿದ್ದೇ ಹುಟ್ಟಿದ ಸ್ಥಳ. 1940ರಲ್ಲಿ ಮಾಹಿತಿ ಕೊಟ್ಟವರ ಹೆಸರಿನ ಪಕ್ಕ ಸುತ್ತುಗೆರೆಯೊಳಗೆ ಗುಣಾಕಾರದ ಗುರುತು ಹಾಕುತ್ತಿದ್ದರು. ಬಹಳ ಬುದ್ಧಿವಂತಿಕೆಯ ಏರ್ಪಾಡು. ನಕಲು ಮಾಡುವಾಗ ಅದನ್ನು ಬಿಡಬಾರದು.

ಇನ್ನು ನಮ್ಮವರ ವಿಷಯ. 1920, 1930, 1940ರ ಗಣತಿಗಳಲ್ಲಿ ಜನಾಂಗದ ಕಲಮಿನಲ್ಲಿ 'ಹಿಂದೂ' ಎಂಬುದೊಂದು ವರ್ಗ. ಪಂಜಾಬಿನ ಸಿಖ್ಖರೂ ಅದರಲ್ಲೇ. 1970ರಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 'ಏಷ್ಯನ್ ಇಂಡಿಯನ್' ಎಂಬ ಹೆಸರು ದೊರಕಿದ್ದು 1980ರಲ್ಲಿ. ಮೂಲದ ವರ್ಷ ಬರೆಯದೆ ಇವನ್ನು ನಕಲು ಮಾಡಿದರೆ ಓದಿದವರು ಏನೆಂದು ತಿಳಿದಾರು?

1965ರ ವಲಸೆ ಕಾನೂನಿನ ನಂತರ ಬಂದ ನಮ್ಮ ಹಿರಿಯರ 1970ರ ಹಾಳೆಗಳು 72 ವರ್ಷಗಳ ನಿಯಮದಂತೆ 2042ರಲ್ಲಿ ತೆರೆಯಬೇಕು. ಭಾರತದಲ್ಲಿ 1948ರ ಜನಗಣತಿ ಕಾನೂನಿನಂತೆ ಮನೆಮನೆಯ ದಾಖಲೆಯನ್ನು ಸಾರ್ವಜನಿಕರು ನೋಡುವಂತೆಯೇ ಇಲ್ಲ. ಊರಿನ ಹೆಸರೋ ತಂದೆಯ ಹೆಸರೋ ಇಲ್ಲಿ ಅಡ್ಡಹೆಸರಾಗಿ ಕುಳಿತದ್ದು ಹೇಗೆ, 1970ರ ಏಪ್ರಿಲ್‌ನಲ್ಲಿ ಯಾವ ಬೀದಿಯಲ್ಲಿ ಬಾಡಿಗೆಗಿದ್ದರು ಎಂಬುದನ್ನು ಹೇಳಬಲ್ಲವರು ಹಿರಿಯರೇ. ಕೇಳಿ ಬರೆದುಕೊಳ್ಳೋಣ, ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದನ್ನೂ ಕೆಳಗೆ ನಮೂದಿಸೋಣ.

ಹಳೆಯ ದಾಖಲೆ ಹುಡುಕುವವರಿಗೆ ನ್ಯಾಷನಲ್ ಆರ್ಕೈವ್ಸ್‌ನ ಮುಖ್ಯ ಕಟ್ಟಡ ವಾಷಿಂಗ್ಟನ್ನಿನಲ್ಲೇ ಇದೆ. ಅಟ್ಲಾಂಟಾ ಬಂಧುಗಳಿಗೆ ಮಾರೋ ಎಂಬಲ್ಲಿ ಅದರ ಶಾಖೆಯಿದೆ.