ಹಿಮದ ಭಾರ, ಮಣ್ಣಿನ ಭಾರ

ಹೋದ ಚಳಿಗಾಲದಲ್ಲಿ ಅಮೆರಿಕದ ಕೊಲರಾಡೋದಲ್ಲಿರುವ ನಮ್ಮಣ್ಣನ ಮಗ ಒಂದು ಫೋಟೋ ಕಳಿಸಿದ್ದ. ಸುತ್ತಲೂ ಸೊಂಟದ ತನಕ ಹಿಮ, ನಡುವೆ ಒಂಟಿ ಮರದ ಮನೆ, ಬಾಗಿಲ ಪಕ್ಕ ಒರಗಿಸಿಟ್ಟ ಸ್ಕೀ ಪಟ್ಟಿಗಳು. ಜೊತೆಗೆ ಒಂದು ಸಾಲು: "ಕಾಕಾ, ಒಳಗಿನ ಕಂಬ, ತೊಲಿ ನೋಡಿ ನಮ್ ಜಿಡಗಾದ ಮನಿ ನೆನಪಾತು." ನನಗೆ ನಗು ಬಂತು. ಎಲ್ಲಿಯ ಹಿಮ, ಎಲ್ಲಿಯ ಆಳಂದ ತಾಲ್ಲೂಕು! ಬೇಸಿಗೆಯಲ್ಲಿ ನಮ್ಮಲ್ಲಿ ಕಾಗೆಯೂ ಹೊರಗೆ ಬರುವುದಿಲ್ಲ :)

ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೆ ಕಾರಣವೂ ಇತ್ತು. ಅದೇ ವಾರ ತಮ್ಮ ಊರಿಂದ ಫೋನ್ ಮಾಡಿ, "ಹಳೀ ಮನಿ ಬಿಚ್ಚಿ ಕಟ್ಟಿಗಿ ಮಾರಿಬಿಡೋಣು, ಗಿರಾಕಿ ಬಂದಾನ" ಅಂದಿದ್ದ.

ಮೊದಲು ಆ ಮರದ ಮನೆಯ ಕಥೆ ಹೇಳಿಬಿಡುತ್ತೇನೆ. ಗುಡ್ಡ ಹತ್ತುವವರಿಗೆ ದಾರಿಯಲ್ಲೊಂದು ಆಸರೆ ಕಟ್ಟುವ ರೂಢಿಗೆ ನೂರೈವತ್ತು ವರ್ಷದ ಮೇಲಾಯಿತು. 1863ರಲ್ಲಿ ಹುಟ್ಟಿದ ಸ್ವಿಸ್ ಆಲ್ಪೈನ್ ಕ್ಲಬ್ ಅದೇ ವರ್ಷ ತನ್ನ ಮೊದಲ ಗುಡಿಸಲು ಕಟ್ಟಿತು. 1925ರಲ್ಲಿ ಇಟಲಿಯವರು ಇನ್ನೂ ಸಣ್ಣದು ಮಾಡಿದರು: ಅರ್ಧ ಪೀಪಾಯಿಯ ಆಕಾರ, ಮರದ ಚೌಕಟ್ಟು, ಮೇಲೆ ತಗಡಿನ ಹೊದಿಕೆ, ಒಳಗೆ ನಾಲ್ಕಾರು ಜನ ಮಲಗುವಷ್ಟೇ ಜಾಗ. ಅಮೆರಿಕದ ಕಥೆಯೇ ಬೇರೆ. ಎರಡನೇ ಮಹಾಯುದ್ಧಕ್ಕೆಂದು ಟೆಂತ್ ಮೌಂಟನ್ ಡಿವಿಷನ್ ಎಂಬ ಪಡೆ ಕೊಲರಾಡೋದ ಹಿಮದಲ್ಲಿ ತರಬೇತಿ ಪಡೆದಿತ್ತು. ಆ ಪಡೆಯಲ್ಲಿದ್ದ ವಾಸ್ತುಶಿಲ್ಪಿ ಫ್ರಿಟ್ಜ್ ಬೆನೆಡಿಕ್ಟ್ ಮುಂದಾಗಿ 1980ರಲ್ಲಿ ಪಡೆಯ ಹೆಸರಲ್ಲೇ ಒಂದು ಸಂಘ ಕಟ್ಟಿದ. 1982ರಲ್ಲಿ ಮೊದಲ ಎರಡು ಮನೆಗಳು ಎದ್ದವು. ಒಂದಕ್ಕೆ ಮಾಜಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರಾ ಅವರ ಹೆಸರು, ಇನ್ನೊಂದಕ್ಕೆ ಅವರ ಹೆಂಡತಿ ಮಾರ್ಜಿ ಅವರದು. ಒಂದೊಂದರಲ್ಲಿ ಹದಿನಾರು ಜನರಿಗೆ ಮಲಗಲು ಹಲಗೆ, ನಡುವೆ ಕಟ್ಟಿಗೆಯ ಒಲೆ, ಕುಡಿಯುವ ನೀರಿಗೆ ಹಿಮ ಕರಗಿಸುವ ದೊಡ್ಡ ಪಾತ್ರೆ.

ಇಂಥ ಮನೆ ಕಟ್ಟುವವನ ಮೊದಲ ಪ್ರಶ್ನೆ ಅಡುಗೆಯದ್ದೂ ಅಲ್ಲ, ಹಾಸಿಗೆಯದ್ದೂ ಅಲ್ಲ. ಮಾಡಿನ ಮೇಲೆ ಎಷ್ಟು ಹಿಮ ಕೂಡುತ್ತದೆ, ಅದನ್ನು ಯಾರು ಹೊರುತ್ತಾರೆ? ಅಲ್ಲಿಗೆ ನಾವು ಜಿಡಗಾಕ್ಕೆ ಬಂದೆವು ನೋಡಿ.

ನಮ್ಮ ಕಡೆಯ ಮಾಳಿಗೆ ಮನೆ ನೋಡದವರಿಗಾಗಿ ಹೇಳುತ್ತೇನೆ. ನೆಲಕ್ಕೆ ಕಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ. ಜಂತಿ ಮೇಲೆ ಸೀಳು ಕಟ್ಟಿಗೆ ಇಲ್ಲವೇ ತೊಗರಿ ಕಟ್ಟಿಗೆ, ಬೇವಿನ ತಪ್ಪಲು, ಆಮೇಲೆ ಮಣ್ಣು. ಮನೆ ಎಷ್ಟು ದೊಡ್ಡದು ಅಂತ ಅಡಿ ಲೆಕ್ಕದಲ್ಲಿ ಯಾರೂ ಹೇಳುತ್ತಿರಲಿಲ್ಲ. ಐದು ಖಣದ ಮನಿ, ಏಳು ಖಣದ ಮನಿ ಅಂತ ಕಂಬದ ನಡುವಿನ ಜಾಗ ಎಣಿಸುತ್ತಿದ್ದರು. ದುಡ್ಡಿದ್ದವರದು ತೇಗ, ಇಲ್ಲದವರದು ಬೇವು, ಜಾಲಿ.

ಮೇಲಿನ ಮಣ್ಣು ಹೊಲದ ಕರಿಮಣ್ಣಲ್ಲ. ಅದು ಒಣಗಿದರೆ ಬಿರಿಯುತ್ತದೆ. ಮೇಲಕ್ಕೆ ಹಾಕುವುದು ಸವಳು ಮಣ್ಣು. ಅದರಲ್ಲಿನ ಉಪ್ಪಿನಂಶದಿಂದ ಮಣ್ಣಿನ ಕಣಗಳು ನೀರಿಗೆ ಬಿಚ್ಚಿಕೊಂಡು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ಹಾಗಾಗಿ ಸೋರುವುದಿಲ್ಲ. ಇದನ್ನು ನಮ್ಮ ಮುತ್ಯಾ ಯಾವ ಕಾಲೇಜಿನಲ್ಲೂ ಓದಿರಲಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮತ್ತೊಂದಿಷ್ಟು ಬುಟ್ಟಿ ಮಣ್ಣು ಮೇಲಕ್ಕೆ. ಮನೆ ಒಳಗೆ ಮೇ ತಿಂಗಳಲ್ಲೂ ತಂಪು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ಘನ ಮೀಟರ್ ಮಣ್ಣು ಸುಮಾರು 1600 ಕಿಲೋ. ಅಂದರೆ ಒಂದು ಅಡಿ ದಪ್ಪ ಮಣ್ಣಿದ್ದರೆ ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ 500 ಕಿಲೋ. ಕೂತು ಗಟ್ಟಿಯಾದ ಹಿಮ ಘನ ಮೀಟರಿಗೆ 300 ಕಿಲೋದಷ್ಟು. ಹಾಗಾದರೆ ನಮ್ಮ ಮಾಳಿಗೆ ಐದಡಿ ಗಟ್ಟಿ ಹಿಮದ ಭಾರವನ್ನು ವರ್ಷವಿಡೀ ಹೊತ್ತು ನಿಂತಿರುತ್ತದೆ! ಅಲ್ಲಿನ ಹಿಮ ಬೇಸಿಗೆಗೆ ಕರಗಿ ಹೋಗುತ್ತದೆ. ನಮ್ಮದು ಕರಗುವುದಿಲ್ಲ, ವರ್ಷ ವರ್ಷ ಏರುತ್ತದೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಒಂದಡಿ ಎರಡಡಿ ಆಗಿರುತ್ತದೆ. ಸೋರದಿರಲೆಂದು ಹಾಕಿದ ಮಣ್ಣೇ ತಲೆ ಮೇಲಿನ ಕಂಟಕ.

ಅದು ಗೊತ್ತಾಗಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇರುವಾಗ. ಹಿಂದಿನ ರಾತ್ರಿಯಷ್ಟೇ ಗಣಪತಿ ಕಳಿಸಿ ಜನ ಮಲಗಿದ್ದರು. ಲಾತೂರು ಜಿಲ್ಲೆಯ ಕಿಲ್ಲಾರಿ ಆಳಂದದಿಂದ ನೇರ ಗೆರೆ ಎಳೆದರೆ ಐವತ್ತು-ಅರವತ್ತು ಕಿಲೋಮೀಟರ್. ನಾನಾಗ ಸಣ್ಣವನು. ಆಯಿ ನನ್ನನ್ನು ಎಳೆದುಕೊಂಡು ಅಂಗಳಕ್ಕೆ ಓಡಿದ್ದು, ಜಂತಿಯಿಂದ ಮಣ್ಣು ಉದುರಿ ಕಣ್ಣಿಗೆ ಬಿದ್ದದ್ದು ನೆನಪಿದೆ. ನಾವು ಉಳಿದೆವು. ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು.

ಆಮೇಲೆ ಹೋಗಿ ನೋಡಿದ ಇಂಜಿನಿಯರುಗಳು ಒಂದು ವಿಷಯ ಗಮನಿಸಿದರು. ಜನರನ್ನು ಹೆಚ್ಚಾಗಿ ಕೊಂದದ್ದು ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ. ಒಳಗೊಂದು, ಹೊರಗೊಂದು ಸಾಲು ಕಲ್ಲು, ನಡುವೆ ಸಣ್ಣ ಕಲ್ಲು ತುಂಬಿದ್ದು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲಿಲ್ಲ. ಅಲುಗಿದ ಕೂಡಲೇ ಎರಡು ಹೋಳು. ತೊಲೆಯ ತುದಿ ಗೋಡೆ ಮೇಲೆ ಕೂತಿದ್ದ ಮನೆಗಳಲ್ಲಿ ಗೋಡೆಯ ಹಿಂದೆಯೇ ಮಾಳಿಗೆಯೂ ಬಂತು. ಆದರೆ ಮಾಳಿಗೆಯ ಭಾರವನ್ನು ಕಂಬಗಳೇ ಹೊತ್ತಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ಕಂಬದ ಮೇಲೆ ಹಾಗೇ ನಿಂತಿತ್ತು.

ಇದು ನಮ್ಮ ಕಡೆಗಷ್ಟೇ ಸೇರಿದ ಮಾತಲ್ಲ. ಸ್ಕೀ ಆಟ 1927ರಿಂದಲೇ ಕ್ಲಬ್ ಕಟ್ಟಿಕೊಂಡ ಕಾಶ್ಮೀರದಲ್ಲಿ ಧಜ್ಜಿ ದಿವಾರಿ ಎಂಬ ಗೋಡೆ ಇದೆ. ಮರದ ಸಣ್ಣ ಸಣ್ಣ ಚೌಕಟ್ಟು, ಅದರೊಳಗೆ ಕಲ್ಲು-ಮಣ್ಣು. 2005ರ ಅಕ್ಟೋಬರ್ 8ರ ಭೂಕಂಪದಲ್ಲಿ ಅಂಥ ಮನೆಗಳು ಬರೀ ಕಲ್ಲಿನವಕ್ಕಿಂತ ಚೆನ್ನಾಗಿ ತಡೆದವು. ಹಿಮವಿರಲಿ, ಬಿಸಿಲಿರಲಿ, ಪಾಠ ಒಂದೇ: ಭಾರ ಹೊರುವುದು ಮರದ ಕೆಲಸ, ಮರೆ ಮಾಡುವುದು ಗೋಡೆಯ ಕೆಲಸ.

ಕಿಲ್ಲಾರಿಯ ನಂತರ ತಜ್ಞರು ಹೇಳಿದ್ದೂ ಕಷ್ಟದ್ದೇನಲ್ಲ. ಮಾಳಿಗೆ ಮಣ್ಣು ಇಳಿಸಿ, ಕಂಬ-ತೊಲೆ ಕೂಡುವ ಮೂಲೆಗೆ ಓರೆಯಾಗಿ ಗಟ್ಟಿ ಕಟ್ಟಿಗೆ ಬಡಿಯಿರಿ, ಗೋಡೆಗೆ ಉದ್ದ ಕಲ್ಲು ಸೇರಿಸಿ. ನಮ್ಮ ಜನ ಮಾಡಿದ್ದೇ ಬೇರೆ. ಹೆದರಿ ಕಂಬವನ್ನೂ ಬಿಟ್ಟರು. ಅದೇ ಕೆಸರಿನ ಗೋಡೆ ಉಳಿಸಿಕೊಂಡು ಮೇಲೆ ತಗಡು ಹಾಕಿದರು. ಬೇಸಿಗೆಯಲ್ಲಿ ಒಳಗೆ ಕೂರಲಾಗದು, ಗೋಡೆಯ ಭಯವೂ ಹೋಗಲಿಲ್ಲ. 2021ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ನೆಲ ನಡುಗಿದಾಗ ಜನ ರಾತ್ರಿಯೆಲ್ಲ ಬಯಲಲ್ಲಿ ಕಳೆದರು.

ತಮ್ಮನಿಗೆ ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. "ಹಂಗಾದ್ರ ಮಾರೋದು ಬ್ಯಾಡಂತೀ?" ಅಂದ. ಕಟ್ಟಿಗೆ ಮಾರಬೇಡ, ಮಣ್ಣು ಇಳಿಸು ಅಂದೆ. ಎರಡಡಿ ಇದ್ದದ್ದು ಅರ್ಧ ಅಡಿಗೆ ಬರಲಿ, ಮೂಲೆಗೆ ಓರೆ ಕಟ್ಟಿಗೆ ಬೀಳಲಿ, ಕಲ್ಲಿನ ಗೋಡೆಯನ್ನು ಆಳೆತ್ತರಕ್ಕೆ ಇಳಿಸಿ ಮೇಲೆ ಹಗುರಾದದ್ದು ಕಟ್ಟೋಣ, ಅದಕ್ಕೂ ಮೊದಲು ಒಬ್ಬ ಇಂಜಿನಿಯರಿಗೆ ತೋರಿಸೋಣ. ಅವನಿನ್ನೂ ಪೂರ್ತಿ ಒಪ್ಪಿಲ್ಲ. ಗಿರಾಕಿಗೆ ಮಾತ್ರ ಯುಗಾದಿ ಮುಗಿಯಲಿ ಅಂದಿದ್ದಾನಂತೆ. ನನಗೆ ಅಷ್ಟು ಸಾಕು.

ನಿಮ್ಮ ಊರಿನಲ್ಲೂ ಇಂಥ ಮನೆ ಇದ್ದರೆ ಒಮ್ಮೆ ತಲೆಯೆತ್ತಿ ನೋಡಿ. ತೊಲೆಯ ತುದಿ ಕಂಬದ ಮೇಲಿದೆಯೋ, ಗೋಡೆಯ ಮೇಲಿದೆಯೋ? ನಾವು ಖಣ ಅನ್ನುವುದಕ್ಕೆ ಮೈಸೂರು ಕಡೆ ಅಂಕಣ ಅಂತಾರೆ. ನಿಮ್ಮ ಕಡೆ ಏನಂತಾರೆ? ಅದನ್ನೂ ಹೇಳಿ.